ಬಾಯಿಗೊಂದು ಫ್ರೆಂಚ್, ಕಿವಿಗೆ ಹಲವು

ಬ್ರಸೆಲ್ಸ್‌ನ ಯಾರಾದರೂ ‘ದಿನೆ’ಗೆ ಬನ್ನಿ ಎಂದು ಕರೆದರೆ ಎಷ್ಟು ಗಂಟೆಗೆ ಹೋಗಬೇಕು? ಪ್ಯಾರಿಸ್ಸಿನಲ್ಲಿ ಅಚ್ಚಾದ ಪಠ್ಯಪುಸ್ತಕ ಓದಿಕೊಂಡವರು ರಾತ್ರಿ ಎಂಟಕ್ಕೆ ಹೋಗಿ ಬಾಗಿಲು ತಟ್ಟುತ್ತಾರೆ. ಕರೆದವರು ಮಧ್ಯಾಹ್ನವೇ ಕಾದು ಕಾದು, ಉಂಡು, ಪಾತ್ರೆ ತೊಳೆದು ಕವುಚಿಟ್ಟಿರುತ್ತಾರೆ. ಪ್ಯಾರಿಸ್ಸಿನವರಿಗೆ ಬೆಳಗಿನ ತಿಂಡಿ ‘ಪೆತಿ ದೇಜುನೆ’, ಮಧ್ಯಾಹ್ನದ ಊಟ ‘ದೇಜುನೆ’, ರಾತ್ರಿಯದು ‘ದಿನೆ’. ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್, ಕೆನಡಾದ ಕ್ವಿಬೆಕ್ ಈ ಮೂರೂ ಕಡೆ ಬೆಳಗಿನದೇ ‘ದೇಜುನೆ’, ಮಧ್ಯಾಹ್ನದ್ದು ‘ದಿನೆ’, ರಾತ್ರಿಯದು ‘ಸುಪೆ’. ಇವರಲ್ಲಿ ತಪ್ಪಾಡುತ್ತಿರುವವರು ಯಾರು ಎಂದು ಹುಡುಕಲು ಹೊರಟರೆ ಪೇಚಿಗೆ ಸಿಕ್ಕಿಕೊಳ್ಳುತ್ತೇವೆ. ಒಂದು ಕಾಲಕ್ಕೆ ಫ್ರಾನ್ಸ್‌ನಲ್ಲೂ ಎರಡನೆಯ ಲೆಕ್ಕವೇ ಇತ್ತು. ರಾಜಧಾನಿಯ ಉಳ್ಳವರ ಊಟದ ಹೊತ್ತು ತಡವಾಗುತ್ತ ಹೋದಂತೆ ಹೆಸರುಗಳೂ ಒಂದೊಂದು ಮನೆ ಮುಂದಕ್ಕೆ ಜರುಗಿದವು. ದೂರದಲ್ಲಿದ್ದವರು ಹಳೆಯ ಹೆಸರುಗಳನ್ನೇ ಇಟ್ಟುಕೊಂಡರು. ಅಂದರೆ ಇಲ್ಲಿ ದಾರಿ ಬದಲಿಸಿದ್ದು ಪ್ಯಾರಿಸ್. ‘ಪ್ರಾದೇಶಿಕ’ ಎಂಬ ಹಣೆಪಟ್ಟಿ ಬಿದ್ದದ್ದು ಉಳಿದವರಿಗೆ.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವವರ ಸಂಖ್ಯೆ ಸಣ್ಣದೇನಲ್ಲ. ಕಾಲೇಜಿನಲ್ಲಿ ಎರಡನೆಯ ಭಾಷೆಯಾಗಿ ಆರಿಸಿಕೊಂಡವರಿದ್ದಾರೆ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸಂಜೆ ತರಗತಿಗೆ ಹೋಗುವವರಿದ್ದಾರೆ. ಕೆನಡಾ ತನ್ನ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ವ್ಯವಸ್ಥೆಯಲ್ಲಿ 2023ರಿಂದ ಫ್ರೆಂಚ್ ಬಲ್ಲವರನ್ನು ಪ್ರತ್ಯೇಕ ವರ್ಗವಾಗಿ ಆಹ್ವಾನಿಸತೊಡಗಿದ ಮೇಲೆ, ಮೂವತ್ತು ದಾಟಿದ ಎಂಜಿನಿಯರುಗಳೂ ಕ್ರಿಯಾಪದಗಳ ರೂಪ ಬಾಯಿಪಾಠ ಮಾಡುತ್ತಿದ್ದಾರೆ. ಇವರೆಲ್ಲರಿಗೂ ಒಂದು ಹಂತದಲ್ಲಿ ಕಾಡುವ ಪ್ರಶ್ನೆ ಒಂದೇ: ಯಾವ ಊರಿನ ಫ್ರೆಂಚ್ ಕಲಿಯಬೇಕು, ಯಾರ ಬಾಯಿಂದ ಕಲಿಯಬೇಕು? ಸಾಮಾನ್ಯವಾಗಿ ಸಿಗುವ ಉತ್ತರ, ಪ್ಯಾರಿಸ್ಸಿನದು, ಅಲ್ಲಿ ಹುಟ್ಟಿದವರಿಂದ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ವಾದ. ಆಡುವುದಕ್ಕೆ ಒಂದು ಬಗೆಯ ಫ್ರೆಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ನಿಜ. ಆದರೆ ಕೇಳುವುದಕ್ಕೆ ಮೊದಲ ವರ್ಷದಿಂದಲೇ ಹಲವನ್ನು ರೂಢಿಸಿಕೊಳ್ಳಬೇಕು. ಆ ಭಾಷೆಯನ್ನು ಹುಟ್ಟಿನಿಂದ ಆಡುವವರನ್ನು ತೀರ್ಪು ಕೊಡುವ ನ್ಯಾಯಾಧೀಶರ ಪೀಠದಲ್ಲಿ ಕೂರಿಸದೆ, ತಮ್ಮ ಊರಿನ ಬಗ್ಗೆ ಹೇಳಿಕೆ ಕೊಡುವ ಸಾಕ್ಷಿಗಳಂತೆ ಕಾಣಬೇಕು.

ಮೊದಲಿಗೆ, ‘ಒಂದೇ ಫ್ರೆಂಚ್’ ಎಂಬುದು ಎಷ್ಟು ಇತ್ತೀಚಿನ ವಸ್ತು ಎಂಬುದನ್ನು ನೋಡೋಣ. ಕಾರ್ಡಿನಲ್ ರಿಷೆಲ್ಯೂ ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದ್ದು 1635ರಲ್ಲಿ. ಭಾಷೆಗೆ ನಿಯಮ ಹಾಕುವುದೇ ಅದರ ಕೆಲಸ. ಅದಾಗಿ ಒಂದೂವರೆ ಶತಮಾನ ಕಳೆದ ಮೇಲೆ, ಕ್ರಾಂತಿಯ ನಡುವೆ, 1794ರಲ್ಲಿ ಪಾದ್ರಿ ಗ್ರೆಗ್ವಾರ್ ತನ್ನ ವರದಿ ಒಪ್ಪಿಸಿದಾಗ, ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚೇ ಬಾರದು, ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರುವುದಿಲ್ಲ ಎಂದು ಲೆಕ್ಕ ಕೊಟ್ಟ. ಉಳಿದವರು ಬ್ರೆತಾನ್, ಆಕ್ಸಿಟಾನ್, ಬಾಸ್ಕ್, ಅಲ್ಸೇಷಿಯನ್ ಮೊದಲಾದ ನುಡಿಗಳಲ್ಲಿ, ಇಲ್ಲವೇ ತಮ್ಮ ತಮ್ಮ ಸೀಮೆಯ ಮಾತಿನಲ್ಲಿ ಬದುಕುತ್ತಿದ್ದರು. 1880ರ ದಶಕದಲ್ಲಿ ಜೂಲ್ ಫೆರಿಯ ಕಾನೂನುಗಳು ಶಾಲೆಯನ್ನು ಉಚಿತವೂ ಕಡ್ಡಾಯವೂ ಮಾಡಿದ ಮೇಲೆಯೇ ಹಳ್ಳಿಯ ಮಕ್ಕಳ ಬಾಯಿಗೆ ಫ್ರೆಂಚ್ ಗಟ್ಟಿಯಾಗಿ ಬಂದದ್ದು. ಹಾಗೆ ಬಂದ ಫ್ರೆಂಚ್ ಖಾಲಿ ನೆಲದಲ್ಲಿ ಬೇರೂರಲಿಲ್ಲ. ತೂಲೂಸ್‌ನವರು ಅದನ್ನು ಆಕ್ಸಿಟಾನ್ ನಾಲಿಗೆಯಲ್ಲಿ ಆಡಿದರು, ಬ್ರೆತಾನ್ ಸೀಮೆಯವರು ಬ್ರೆತಾನ್ ನಾಲಿಗೆಯಲ್ಲಿ. ಅಟ್ಲಾಂಟಿಕ್ ಆಚೆಯ ಕತೆ ಇನ್ನೂ ಸ್ವಾರಸ್ಯದ್ದು. 1608ರಲ್ಲಿ ಕ್ವಿಬೆಕ್ ನಗರ ಹುಟ್ಟಿತು. 1763ರಲ್ಲಿ ಆ ಸೀಮೆ ಬ್ರಿಟಿಷರ ಪಾಲಾಯಿತು. ಅಲ್ಲಿಗೆ ತಾಯಿನಾಡಿನ ನಂಟು ಕಡಿದುಹೋಯಿತು. ‘ಮ್ವಾ’, ‘ತ್ವಾ’ (ನಾನು, ನೀನು) ಎಂಬುದನ್ನು ಕ್ವಿಬೆಕ್‌ನ ಹಳೆಯ ತಲೆಗಳು ‘ಮ್ವೆ’, ‘ತ್ವೆ’ ಎನ್ನುವುದನ್ನು ಕೇಳಿ ಪ್ಯಾರಿಸ್ಸಿನವರು ನಗುತ್ತಾರೆ. ಕ್ರಾಂತಿಗೆ ಮುಂಚೆ ಫ್ರಾನ್ಸ್‌ನ ಅರಮನೆಯಲ್ಲಿ ನಡೆಯುತ್ತಿದ್ದ ಉಚ್ಚಾರ ಅದೇ. ‘ವಾ’ ಎಂಬುದು ಆಗ ಪ್ಯಾರಿಸ್ಸಿನ ಬೀದಿಯವರ ಮಾತಾಗಿತ್ತು. ರಾಜಮನೆತನ ಹೋದ ಮೇಲೆ ಬೀದಿಯದ್ದೇ ಶಿಷ್ಟವಾಯಿತು.

ಈಗ ಕಲಿಯುವವರಿಗೆ ನಿಜವಾಗಿ ಎದುರಾಗುವ ವ್ಯತ್ಯಾಸಗಳಿಗೆ ಬರೋಣ. ಎಲ್ಲರೂ ಹೇಳುವ ಉದಾಹರಣೆ ಸಂಖ್ಯೆಗಳದು. ಫ್ರಾನ್ಸ್‌ನಲ್ಲಿ ಎಪ್ಪತ್ತಕ್ಕೆ ‘ಅರವತ್ತು-ಹತ್ತು’, ಎಂಬತ್ತಕ್ಕೆ ‘ನಾಲ್ಕು-ಇಪ್ಪತ್ತು’, ತೊಂಬತ್ತಕ್ಕೆ ‘ನಾಲ್ಕು-ಇಪ್ಪತ್ತು-ಹತ್ತು’. ಬೆಲ್ಜಿಯಂ ಮತ್ತು ಸ್ವಿಟ್ಜರ್‌ಲೆಂಡ್‌ಗಳಲ್ಲಿ ಎಪ್ಪತ್ತು ‘ಸೆಪ್ತಾಂತ್’, ತೊಂಬತ್ತು ‘ನೊನಾಂತ್’. ಎಂಬತ್ತರಲ್ಲಿ ಮಾತ್ರ ಬೆಲ್ಜಿಯಂ ಫ್ರಾನ್ಸ್ ಜೊತೆ ನಿಲ್ಲುತ್ತದೆ. ಸ್ವಿಟ್ಜರ್‌ಲೆಂಡ್‌ನಲ್ಲೂ ಜಿನೀವಾದವರು ‘ನಾಲ್ಕು-ಇಪ್ಪತ್ತು’ ಎಂದರೆ, ಪಕ್ಕದ ವೋ ಪ್ರಾಂತದವರು ‘ಯುಇತಾಂತ್’ ಎನ್ನುತ್ತಾರೆ. ಹೀಗೆ ಗಡಿಗಳು ದೇಶದ ಗಡಿಗಳ ಜೊತೆಗೇ ಹೋಗುವುದಿಲ್ಲ. ಫ್ರಾನ್ಸ್ ಒಳಗೇ ಚಾಕೊಲೇಟ್ ತುಂಬಿದ ಬನ್ನಿಗೆ ಹೆಚ್ಚಿನ ಕಡೆ ‘ಪ್ಯಾನ್ ಓ ಶೊಕೊಲಾ’ ಎಂದರೆ, ಬೋರ್ದೋ, ತೂಲೂಸ್ ಸುತ್ತಿನ ನೈರುತ್ಯ ಭಾಗದಲ್ಲಿ ‘ಶೊಕೊಲಾತೀನ್’. ಅಂಗಡಿಯ ಕೈಚೀಲಕ್ಕೆ ಒಂದು ಕಡೆ ‘ಸಾಕ್’, ಇನ್ನೊಂದು ಕಡೆ ‘ಪೊಶ್’. ನೆಲ ಒರೆಸುವ ಬಟ್ಟೆಗಂತೂ ಸೀಮೆಗೊಂದು ಹೆಸರು. ಭಾಷಾಶಾಸ್ತ್ರಜ್ಞ ಮ್ಯಾಥ್ಯೂ ಅವಾಂಜಿ ಇಂಥ ಪದಗಳ ನಕ್ಷೆಗಳನ್ನೇ 2017ರಲ್ಲಿ ಪುಸ್ತಕವಾಗಿ ತಂದರು. ಇವೆಲ್ಲ ತಮಾಷೆಯ ವ್ಯತ್ಯಾಸಗಳು, ಅರ್ಥ ಕೆಡುವುದಿಲ್ಲ. ತೊಡಕು ಬರುವುದು ಎರಡೂ ಕಡೆ ಗೊತ್ತಿರುವ ಪದ ಬೇರೆ ಕೆಲಸ ಮಾಡುವಾಗ. ಬೆಲ್ಜಿಯಂನವರು ‘ತಿಳಿದಿರು’ ಎಂಬ ಅರ್ಥದ ‘ಸವ್ವಾರ್’ ಕ್ರಿಯಾಪದವನ್ನು ‘ಆಗು, ಸಾಧ್ಯವಾಗು’ ಎಂಬುದಕ್ಕೂ ಬಳಸುತ್ತಾರೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಅವರು ಹೇಳಿದರೆ, ನಿದ್ದೆ ಮಾಡುವ ವಿದ್ಯೆಯೇ ಇವರಿಗೆ ತಿಳಿಯದು ಎಂದು ಪ್ಯಾರಿಸ್ಸಿನ ಕಿವಿಗೆ ಕೇಳುತ್ತದೆ. ಕನ್ನಡದ ‘ಬರು’ವಿನ ಹಾಗೆ: ನಿದ್ದೆಯೂ ಬರುತ್ತದೆ, ಈಜಲೂ ಬರುತ್ತದೆ.

ಉಚ್ಚಾರದ ವಿಷಯದಲ್ಲಿ ಕನ್ನಡಿಗರಿಗೆ ಕೆಲವು ಅನುಕೂಲಗಳಿವೆ. ಪ್ಯಾರಿಸ್ ಒಂದನ್ನೇ ಹಿಡಿದರೆ ಅವು ಬಳಕೆಗೆ ಬರುವುದಿಲ್ಲ. ನಮ್ಮ ಕಿವಿಗೆ ಹ್ರಸ್ವ–ದೀರ್ಘದ ಭೇದ ಹುಟ್ಟಿನಿಂದ ಬಂದದ್ದು. ಬೆಲ್ಜಿಯಂ ಮತ್ತು ಸ್ವಿಟ್ಜರ್‌ಲೆಂಡ್‌ನ ಬಹಳ ಜನ ಗೆಳೆಯನಿಗೆ ‘ಅಮಿ’, ಗೆಳತಿಗೆ ‘ಅಮೀ’ ಎಂದು ದೀರ್ಘ ಕೊಟ್ಟು ಬೇರ್ಪಡಿಸುತ್ತಾರೆ. ಪ್ಯಾರಿಸ್ಸಿನಲ್ಲಿ ಎರಡೂ ಒಂದೇ. ಕ್ವಿಬೆಕ್‌ನಲ್ಲಿ ‘ಇಡು’ ಎಂಬ ಅರ್ಥದ ‘ಮೆತ್ರ್’ಗೂ ‘ಯಜಮಾನ’ ಎಂಬ ಅರ್ಥದ ‘ಮೇತ್ರ್’ಗೂ ಸ್ಪಷ್ಟ ಅಂತರವಿದೆ. ಪ್ಯಾರಿಸ್ಸಿನಲ್ಲಿ ಅಕ್ಷರದಲ್ಲಿ ಮಾತ್ರ ಉಳಿದ ಭೇದಗಳು ಇಲ್ಲೆಲ್ಲ ನಾಲಿಗೆಯಲ್ಲೂ ಉಳಿದಿರುವುದರಿಂದ, ಅಂಥವರ ಮಾತು ಕೇಳಿದರೆ ಕಾಗುಣಿತವೂ ಹೆಚ್ಚು ನೆನಪಿನಲ್ಲಿ ನಿಲ್ಲುತ್ತದೆ. ಇನ್ನು ದಕ್ಷಿಣ ಫ್ರಾನ್ಸ್. ‘ಚಿಕ್ಕವಳು’ ಎಂಬ ಪದವನ್ನು ಪ್ಯಾರಿಸ್ಸಿನವರು ‘ಪ್ತೀತ್’ ಎಂದು ಒಂದೇ ಉಸಿರಿಗೆ ನುಂಗಿದರೆ, ಮಾರ್ಸೇಯವರು ‘ಪೆ-ತೀ-ತೆ’ ಎಂದು ಬಿಡಿಸಿ ಆಡುತ್ತಾರೆ. ಸ್ವರಾಂತದ ಪದಗಳಿಗೆ ಒಗ್ಗಿದ ಕನ್ನಡದ ಕಿವಿಗೆ ಇದು ಎಷ್ಟೋ ಸಲೀಸು. ರೊಟ್ಟಿಯ ‘ಪ್ಯಾನ್’ ಅಲ್ಲಿ ಹೆಚ್ಚುಕಡಿಮೆ ‘ಪ್ಯಾಂಗ್’ ಆಗುತ್ತದೆ. ನಮ್ಮಲ್ಲಿ ಹೊಸದಾಗಿ ಕಲಿಯುವವರು ಅನುನಾಸಿಕದ ಬದಲು ಅನುಸ್ವಾರ ಒತ್ತಿ ಮಾಡುವ ತಪ್ಪಿಗೆ ಅದು ತೀರ ದೂರವಲ್ಲ. (ತಪ್ಪು ಮಾಡಿ ‘ನಂದು ತೂಲೂಸ್ ಶೈಲಿ’ ಎಂದು ಜಾರಿಕೊಳ್ಳುವುದಕ್ಕೆ ಇದು ಪರವಾನಗಿ ಅಲ್ಲ, ಆ ಮಾತು ಬೇರೆ.) ಕ್ವಿಬೆಕ್‌ನಲ್ಲಿ ‘ಇ’, ‘ಯು’ ಸ್ವರಗಳ ಮುಂಚೆ ತಕಾರ ‘ತ್ಸ’ ಆಗುತ್ತದೆ, ದಕಾರ ‘ದ್ಝ’ ಆಗುತ್ತದೆ, ‘ತ್ಯೂ’ ಎಂಬುದು ‘ತ್ಸ್ಯೂ’. ಇದು ಹಳ್ಳಿಯವರ ಮಾತೇನೂ ಅಲ್ಲ, ರೇಡಿಯೊ-ಕೆನಡಾದ ವಾರ್ತಾವಾಚಕರೂ ಹೀಗೆಯೇ ಓದುತ್ತಾರೆ. ಪ್ಯಾರಿಸ್ಸಿನ ಧ್ವನಿಮುದ್ರಣಗಳಲ್ಲಷ್ಟೇ ಪಳಗಿದವರು ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಮೊದಲ ವಾಕ್ಯಕ್ಕೇ ಕಕ್ಕಾಬಿಕ್ಕಿಯಾಗುವುದು ಹೆಚ್ಚಾಗಿ ಇಲ್ಲಿಯೇ.

ಆದರೂ ಕೇಂದ್ರದ ಮಾತೇ ಪ್ರಮಾಣ, ಅಂಚಿನದು ಅದರ ವಿಕಾರ ಎಂಬ ನಂಬಿಕೆ ಸುಲಭವಾಗಿ ಅಲುಗುವುದಿಲ್ಲ. ಅದಕ್ಕೆ ಎದುರಾಗಿ ನಿಲ್ಲುವ ಕೆಲವು ಸಂಗತಿಗಳಿವೆ. ಇ-ಮೇಲ್‌ಗೆ ಕ್ವಿಬೆಕ್‌ನವರು ಕಟ್ಟಿದ ‘ಕುರಿಯೆಲ್’ ಪದವನ್ನು ಫ್ರೆಂಚ್ ಸರ್ಕಾರ 2003ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ವೃತ್ತಿನಾಮಗಳಿಗೆ ಸ್ತ್ರೀಲಿಂಗ ರೂಪ ಬಳಸಿ ಎಂದು ಕ್ವಿಬೆಕ್‌ನ ಭಾಷಾ ಕಚೇರಿ ಸೂಚಿಸಿದ್ದು 1979ರಲ್ಲಿ; ಫ್ರೆಂಚ್ ಅಕಾಡೆಮಿ ಅದಕ್ಕೆ ತಲೆಯಾಡಿಸಿದ್ದು 2019ರಲ್ಲಿ, ಬರೋಬ್ಬರಿ ನಾಲ್ವತ್ತು ವರ್ಷ ಬಿಟ್ಟು. ಸಾಹಿತ್ಯದಲ್ಲಿ 1968 ಒಂದು ಗುರುತಿನ ವರ್ಷ. ಮಿಶೆಲ್ ತ್ರಾಂಬ್ಲೆ ಅವರ ‘ಲೆ ಬೆಲ್-ಸರ್’ ನಾಟಕ ಆ ವರ್ಷ ಮಾಂಟ್ರಿಯಲ್‌ನಲ್ಲಿ ರಂಗಕ್ಕೆ ಬಂದು, ಅಲ್ಲಿನ ದುಡಿಯುವ ಜನರ ‘ಜ್ವಾಲ್’ ಎಂಬ ಆಡುಮಾತನ್ನು ಯಾವ ಮುಲಾಜೂ ಇಲ್ಲದೆ ಪ್ರೇಕ್ಷಕರ ಮುಂದಿಟ್ಟಿತು. ಅದೇ ವರ್ಷ ಐವರಿ ಕೋಸ್ಟ್‌ನ ಅಮಾದು ಕುರುಮಾ ಅವರ ಮೊದಲ ಕಾದಂಬರಿ ಹೊರಬಂತು. ಮಲಿಂಕೆ ನುಡಿಯ ಲಯದಲ್ಲಿ ಬಾಗಿಸಿ ಬರೆದ ಅದರ ಫ್ರೆಂಚ್ ಪ್ಯಾರಿಸ್ಸಿನ ಪ್ರಕಾಶಕರಿಗೆ ರುಚಿಸಲಿಲ್ಲ. ಅದನ್ನು ಮೊದಲು ಅಚ್ಚು ಹಾಕಿದ್ದು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಮುದ್ರಣಾಲಯ. ಎರಡು ವರ್ಷದ ಮೇಲೆ ಪ್ಯಾರಿಸ್ ಅದನ್ನೇ ಮರುಮುದ್ರಿಸಿತು. ಇವತ್ತು ಅದು ಆಫ್ರಿಕಾದ ಫ್ರೆಂಚ್ ಸಾಹಿತ್ಯದ ಮೇರು ಕೃತಿಗಳಲ್ಲಿ ಒಂದು.

ಹಾಗಾದರೆ ಆಯಾ ನಾಡಿನವರಿಂದ ಕಲಿಯುವುದು ಹೇಗೆ? ಯಾರೇ ಆಗಲಿ ತನ್ನ ಭಾಷೆಯ ಬಗ್ಗೆ ಹೇಳುವ ಮಾತಿನಲ್ಲಿ ಎರಡು ಪದರಗಳಿರುತ್ತವೆ: ತಾನು ನಿಜವಾಗಿ ಆಡುವುದು, ತಾನು ಆಡುತ್ತೇನೆಂದು ನಂಬಿರುವುದು. ನಿಷೇಧ ವಾಕ್ಯದಲ್ಲಿ ‘ನ’ ಬಿಟ್ಟುಬಿಡುತ್ತೀರಾ ಎಂದು ಓದಿಕೊಂಡ ಫ್ರೆಂಚರನ್ನು ಕೇಳಿನೋಡಿ, ಛೆ ಇಲ್ಲಪ್ಪ ಎನ್ನುವವರು ಬಹಳ. ಐದು ನಿಮಿಷದಲ್ಲಿ ‘ನನಗೆ ಗೊತ್ತಿಲ್ಲ’ ಎಂಬುದನ್ನು ‘ಶೆ ಪಾ’ ಎಂದು ಮುಗಿಸಿರುತ್ತಾರೆ. ಹೀಗಾಗಿ ‘ಇದು ಸರಿಯೇ?’ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ನಿಯಮ ಹೊರಬರುತ್ತದೆ. ‘ನಿಮ್ಮ ಕಡೆ ಇದಕ್ಕೆ ಏನಂತೀರಿ?’ ಎಂದು ಕೇಳಿದರೆ ಮನೆಯ ಮಾತು ಹೊರಬರುತ್ತದೆ. ನಂತರದ ಪ್ರಶ್ನೆಗಳೂ ಹೀಗೆಯೇ: ನಿಮ್ಮ ಅಜ್ಜಿ ಏನನ್ನುತ್ತಿದ್ದರು, ನಿಮ್ಮ ಮಕ್ಕಳು ಏನನ್ನುತ್ತಾರೆ, ಬ್ಯಾಂಕಿನಲ್ಲೂ ಹಾಗೇ ಅನ್ನುತ್ತೀರಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಏಕೆಂದರೆ ಕಲಿಯುವವರು ‘ಪ್ರಾದೇಶಿಕ’ ಎಂದು ಬರೆದಿಟ್ಟುಕೊಳ್ಳುವ ಅರ್ಧಕ್ಕರ್ಧ ಸಂಗತಿಗಳು ಊರಿಗೆ ಸೇರಿದವೇ ಅಲ್ಲ, ಸಂದರ್ಭಕ್ಕೆ ಸೇರಿದವು. ‘ನಾವು’ ಎಂಬುದಕ್ಕೆ ಪುಸ್ತಕದ ‘ನೂ’ ಬಿಟ್ಟು ‘ಆನ್’ ಎನ್ನುವುದು, ‘ಇಲ್ ಯಾ’ ಎಂಬುದನ್ನು ‘ಯಾ’ ಎಂದು ಮೊಟಕು ಮಾಡುವುದು ಎಲ್ಲ ಊರುಗಳ ಮನೆಮಾತು. ಇದನ್ನು ಲಿಯಾನ್‌ನವರ ಬಾಯಲ್ಲಿ ಕೇಳಿ ಲಿಯಾನ್ ಶೈಲಿ ಎಂದುಕೊಂಡರೆ, ಬಸ್ಸಿನಲ್ಲಿ ಯಾರೋ ‘ಹೋಗ್ತೀನಿ’ ಎಂದದ್ದನ್ನು ಕೇಳಿ ಅದು ಆ ಬಸ್ಸಿನ ಊರಿನವರ ವಿಶೇಷ ಎಂದು ಬರೆದುಕೊಂಡ ಹಾಗಾಗುತ್ತದೆ.

ಇನ್ನೊಂದು ತೊಂದರೆ ಸಾಕ್ಷಿಗಳ ಸಂಕೋಚದ್ದು. ಪ್ಯಾರಿಸ್ಸಿನ ಹೊರಗಿನ ಫ್ರೆಂಚ್ ಭಾಷಿಕರಿಗೆ ತಮ್ಮ ಮಾತಿನ ಬಗ್ಗೆ ಕೀಳರಿಮೆ ಇರುವುದನ್ನು ಬೆಲ್ಜಿಯಂನಲ್ಲಿ ಮಿಶೆಲ್ ಫ್ರಾಂಕಾರ್ 1990ರ ದಶಕದಲ್ಲೇ ಅಧ್ಯಯನ ಮಾಡಿ ತೋರಿಸಿದರು. ಫ್ರಾನ್ಸ್‌ನಲ್ಲಿ ಇಂಥ ಮಾತಿನ ಬಗೆಗಿನ ತಾತ್ಸಾರಕ್ಕೆ ‘ಗ್ಲಾತೊಫೊಬಿ’ ಎಂದು ಭಾಷಾಶಾಸ್ತ್ರಜ್ಞ ಫಿಲಿಪ್ ಬ್ಲಾಂಶೆ ಹೆಸರಿಟ್ಟರು. ಉಚ್ಚಾರದ ಆಧಾರದ ತಾರತಮ್ಯವನ್ನು ತಡೆಯುವ ಮಸೂದೆಯೊಂದನ್ನು ಅಲ್ಲಿನ ರಾಷ್ಟ್ರೀಯ ಸಭೆ 2020ರ ನವೆಂಬರ್‌ನಲ್ಲಿ ಅಂಗೀಕರಿಸಿತು ಎಂದರೆ ವಿಷಯ ಎಷ್ಟು ದೂರ ಹೋಗಿತ್ತೆಂದು ಊಹಿಸಬಹುದು. ಹೀಗಿರುವಾಗ ಪರದೇಶಿ ವಿದ್ಯಾರ್ಥಿಯ ಮುಂದೆ ಕೂತ ತೂಲೂಸ್‌ನ ಅಥವಾ ಬೆಲ್ಜಿಯಂನ ಲಿಯೆಜ್‌ನ ವ್ಯಕ್ತಿ ತನ್ನ ಮಾತನ್ನು ತಾನೇ ಇಸ್ತ್ರಿ ಮಾಡಿಕೊಂಡು, ನಿಧಾನಕ್ಕೆ, ಪುಸ್ತಕದಂತೆ ಆಡುತ್ತಾರೆ. ಆನ್‌ಲೈನ್‌ನಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು ಸಂಭಾಷಣೆ ಅಭ್ಯಾಸ ಮಾಡುವವರಿಗೆ ಸಿಗುವುದು ಬಹುಪಾಲು ಈ ಇಸ್ತ್ರಿ ಮಾಡಿದ ಫ್ರೆಂಚೇ. ಇದರ ಮದ್ದು, ಅವರು ನಮ್ಮ ಜೊತೆ ಆಡುವುದಕ್ಕಿಂತ ತಮ್ಮತಮ್ಮೊಳಗೆ ಆಡುವುದನ್ನು ಕೇಳುವುದು. ಒಂದೇ ಊರಿನ ಇಬ್ಬರು ಒಟ್ಟಿಗೆ ಕರೆಗೆ ಬಂದರೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅದಾಗದಿದ್ದರೆ ರೇಡಿಯೊ ಇದೆ: ಬೆಲ್ಜಿಯಂನ ಆರ್‌ಟಿಬಿಎಫ್, ಸ್ವಿಟ್ಜರ್‌ಲೆಂಡ್‌ನ ಆರ್‌ಟಿಎಸ್, ರೇಡಿಯೊ-ಕೆನಡಾ. ವಾರ್ತೆಗಿಂತ ಕೇಳುಗರು ಫೋನ್ ಮಾಡಿ ಜಗಳವಾಡುವ ಕಾರ್ಯಕ್ರಮಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇದಕ್ಕೆ ಮೊದಲ ಆಕ್ಷೇಪ ಶಿಕ್ಷಕರಿಂದ ಬರುತ್ತದೆ, ಅದು ನ್ಯಾಯವಾದದ್ದೇ: ಕ್ರಿಯಾಪದದ ರೂಪಗಳೇ ಸರಿಯಾಗಿ ಬಾರದ ವಿದ್ಯಾರ್ಥಿಯ ತಲೆಗೆ ಐದು ಊರಿನ ಮಾತು ತುಂಬಿದರೆ ಒಂದೂ ನೆಟ್ಟಗೆ ಬಾರದು. ಒಪ್ಪಬೇಕು. ಅದಕ್ಕಾಗಿಯೇ ಬಾಯಿಯ ಕೆಲಸವನ್ನೂ ಕಿವಿಯ ಕೆಲಸವನ್ನೂ ಬೇರ್ಪಡಿಸಬೇಕು ಎಂಬುದು. ಬಾಯಿಗೆ ಪಠ್ಯಪುಸ್ತಕದ ಒಂದೇ ಬಗೆ ಸಾಕು. ಎಪ್ಪತ್ತನ್ನು ‘ಅರವತ್ತು-ಹತ್ತು’ ಎಂದೇ ಹೇಳಲಿ, ‘ಸೆಪ್ತಾಂತ್’ ಕೇಳಿದಾಗ ಎಪ್ಪತ್ತೆಂದು ತಿಳಿದರೆ ಮುಗಿಯಿತು. ಆರಂಭದ ಹಂತದಲ್ಲಿ ಸಂಖ್ಯೆಗಳು, ಊಟದ ಹೆಸರುಗಳು, ಎರಡು ಮೂರು ಬಗೆಯ ಉಚ್ಚಾರ, ಇಷ್ಟನ್ನು ಕಿವಿಗೆ ಪರಿಚಯ ಮಾಡಿಸುವುದಕ್ಕೆ ವಾರಕ್ಕೆ ಅರ್ಧ ಗಂಟೆ ಸಾಲುತ್ತದೆ. ಪರೀಕ್ಷೆಯ ಮಾತೂ ಹೀಗೆಯೇ. ಡೆಲ್ಫ್ ಆಗಲಿ, ವಲಸೆಗೆ ಬೇಕಾದ ಟೆಫ್ ಆಗಲಿ, ಬರೆಯುವಾಗ ಮಾತಾಡುವಾಗ ಒಂದೇ ಬಗೆಗೆ ಅಂಟಿಕೊಂಡರೆ ಕ್ಷೇಮ. ಅರ್ಧ ಮಾಂಟ್ರಿಯಲ್, ಅರ್ಧ ಪ್ಯಾರಿಸ್ ಕಲಸಿದರೆ ಪರೀಕ್ಷಕರಿಗೆ ಅದು ಅನುಭವದ ಹಾಗೆ ಕಾಣದೆ ಗೊಂದಲದ ಹಾಗೆ ಕಾಣುತ್ತದೆ. ಪ್ಯಾರಿಸ್ ಫ್ರೆಂಚ್ ಎಲ್ಲರಿಗೂ ಅರ್ಥವಾಗುತ್ತದಲ್ಲ, ಉಳಿದದ್ದು ಯಾಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ನಾವು ಆಡಿದ್ದು ಅವರಿಗೆ ಅರ್ಥವಾಗುತ್ತದೆ, ಸರಿ. ಅವರು ಆಡಿದ್ದು ನಮಗೆ ಅರ್ಥವಾಗಬೇಕಲ್ಲ? ಕೆನಡಾಕ್ಕೆ ಹೊರಟವರು ಇನ್ನೂ ಒಂದು ಮಾತು ಗಮನಿಸಬೇಕು. ಒಕ್ಕೂಟ ಸರ್ಕಾರದ ಫ್ರೆಂಚ್ ವರ್ಗದಲ್ಲಿ ಆಯ್ಕೆಯಾದವರು ನೆಲೆಸುವುದು ಕ್ವಿಬೆಕ್‌ನ ಹೊರಗೆ. ಕ್ವಿಬೆಕ್ ತನ್ನವರನ್ನು ತಾನೇ ಆರಿಸಿಕೊಳ್ಳುತ್ತದೆ. ಹಾಗಾಗಿ ನ್ಯೂ ಬ್ರನ್ಸ್‌ವಿಕ್‌ನ ಮಾಂಕ್ಟನ್‌ಗೆ ಹೋದವರ ಕಿವಿಗೆ ಬೀಳುವುದು ಅಕೇಡಿಯನ್ ಫ್ರೆಂಚ್, ಇಂಗ್ಲಿಷ್ ಬೆರೆತ ‘ಶಿಯಾಕ್’. ಮಾಂಟ್ರಿಯಲ್‌ನವರಿಗೇ ಅದು ಮೊದಮೊದಲು ತಲೆಗೆ ಹತ್ತುವುದಿಲ್ಲ.

ಹಾಗೆಂದು ಹುಟ್ಟು ಭಾಷಿಕರು ಸಿಕ್ಕರೆ ಶಿಕ್ಷಕರು ಬೇಡ ಎಂದಲ್ಲ. ‘ಹೀಗೆ ಹೇಳಲ್ಲ’ ಎಂದು ಹುಟ್ಟು ಭಾಷಿಕರು ಥಟ್ಟನೆ ಹೇಳಬಲ್ಲರು, ಯಾಕೆಂದು ಕೇಳಿದರೆ ತಡವರಿಸುತ್ತಾರೆ. ನಾವು ಕನ್ನಡದ ಸಂಧಿ ನಿಯಮ ವಿವರಿಸಲು ತಡವರಿಸುವ ಹಾಗೆಯೇ. ಕನ್ನಡಿಗನ ನಾಲಿಗೆ ಎಲ್ಲಿ ಎಡವುತ್ತದೆ ಎಂಬುದು ಅದೇ ಹಾದಿಯಲ್ಲಿ ಎಡವಿ ಎದ್ದ ಇಲ್ಲಿನ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಕಾರಣಕ್ಕೆ ಶಿಕ್ಷಕರು, ಬಳಕೆಗೆ ಆ ನಾಡಿನವರು ಎಂದು ಕೆಲಸ ಹಂಚಿಕೊಂಡರೆ ಇಬ್ಬರಿಂದಲೂ ಪ್ರಯೋಜನವಿದೆ. ಯುರೋಪಿನ ಭಾಷಾ ಮಟ್ಟಗಳನ್ನು ಅಳೆಯುವ ಚೌಕಟ್ಟು, ಎ1ರಿಂದ ಸಿ2ವರೆಗಿನದು, 2001ರಲ್ಲಿ ಬಂದಾಗ ಹುಟ್ಟು ಭಾಷಿಕರ ಜೊತೆ ಸರಾಗವಾಗಿ ಮಾತಾಡುವುದನ್ನೇ ಬಿ2 ಮಟ್ಟದ ಗುರುತಾಗಿ ಹೇಳಿತ್ತು. ಮುಂದೆ ಅದರ ಪೂರಕ ಸಂಪುಟ ಬಂದಾಗ ಆ ಪದವನ್ನು ತೆಗೆದು, ‘ಆ ಭಾಷೆಯನ್ನು ಬಳಸುವವರು’ ಎಂದು ಹಾಕಿದರು.

ಬದಲಾವಣೆ ಸಣ್ಣದಾಗಿ ಕಂಡರೂ ಅದರ ಹಿಂದಿನ ಪ್ರಶ್ನೆ ದೊಡ್ಡದು: ಫ್ರೆಂಚ್ ಯಾರದು? ಫ್ರೆಂಚ್ ಭಾಷಿಕ ದೇಶಗಳ ಅಂತರರಾಷ್ಟ್ರೀಯ ಒಕ್ಕೂಟದ 2022ರ ವರದಿ ಲೋಕದಲ್ಲಿ 32.1 ಕೋಟಿ ಫ್ರೆಂಚ್ ಭಾಷಿಕರಿದ್ದಾರೆ ಎಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾದವರು. ಅವರಲ್ಲಿ ಬಹುಮಂದಿಗೆ ಫ್ರೆಂಚ್ ಎರಡನೆಯ ಅಥವಾ ಮೂರನೆಯ ಭಾಷೆ. ಐವರಿ ಕೋಸ್ಟ್‌ನ ಆಬಿಜಾನ್‌ನಂಥ ನಗರಗಳಲ್ಲಿ ಅದನ್ನೇ ಮನೆಮಾತಾಗಿ ಆಡುತ್ತ ಬೆಳೆಯುತ್ತಿರುವ ಮಕ್ಕಳೂ ಇದ್ದಾರೆ. ಪೆಟ್ರೋಲ್ ಬಂಕಿಗೆ ಸೆನೆಗಲ್‌ನವರು ‘ಎಸಾನ್ಸ್‌ರಿ’ ಎನ್ನುತ್ತಾರೆ. ರೊಟ್ಟಿ ಅಂಗಡಿಗೆ ‘ಬುಲಾಂಜ್‌ರಿ’ ಆಗುವುದಾದರೆ ಪೆಟ್ರೋಲ್‌ಗೆ ಅದೇ ಅಚ್ಚು ಏಕಾಗಬಾರದು? ಪ್ಯಾರಿಸ್ಸಿನ ‘ಸ್ತಾಸಿಯೊನ್-ಸೆರ್ವಿಸ್’ಗಿಂತ ಇದು ಅಚ್ಚುಕಟ್ಟು. ಆಬಿಜಾನ್‌ನಲ್ಲಿ ಬೀದಿಬದಿಯ ಊಟದ ಮನೆ ‘ಮಾಕಿ’. ಅಲ್ಲಿನ ‘ನೂಶಿ’ ಎಂಬ ಯುವಜನರ ಮಾತಿನಿಂದ ಕೆಲವು ಪದಗಳು ಫ್ರಾನ್ಸ್‌ನ ನಿಘಂಟುಗಳನ್ನೂ ಹೊಕ್ಕಿವೆ. ಈ ಭಾಗದ ಫ್ರೆಂಚ್ ಕೇಳಲು ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್‌ನ ಆಫ್ರಿಕಾ ಕಾರ್ಯಕ್ರಮಗಳಿವೆ. ಪದ ಯಾವ ದೇಶದ್ದು ಎಂದು ನೋಡಲು 2021ರಿಂದ ‘ಫ್ರಾಂಕೊಫೋನರ ನಿಘಂಟು’ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದು ಪ್ರತಿ ಅರ್ಥದ ಪಕ್ಕದಲ್ಲಿ ದೇಶದ ಹೆಸರು ನಮೂದಿಸುತ್ತದೆ. ಕಲಿಯುವವರ ಟಿಪ್ಪಣಿ ಪುಸ್ತಕದಲ್ಲೂ ಪದ, ಅರ್ಥದ ಜೊತೆಗೆ ಮೂರನೆಯ ಒಂದು ಕಾಲಂ ಇರಲಿ: ಎಲ್ಲಿಯವರು, ಯಾವ ವಯಸ್ಸಿನವರು, ಯಾರ ಜೊತೆ ಆಡುವಾಗ. ಇಬ್ಬರು ಭಾಷಿಕರು ಒಂದೇ ಪದದ ಬಗ್ಗೆ ಜಗಳವಾಡಿದರೆ ಇಬ್ಬರ ಮಾತನ್ನೂ ಬರೆದುಕೊಳ್ಳಿ. ಬೆಂಗಳೂರಿನವರಿಗಂತೂ ಇಂಥ ಸಾಕ್ಷಿಗಳಿಗಾಗಿ ಪರದೆಯ ಮುಂದೆ ಕಾಯಲೇಬೇಕೆಂದಿಲ್ಲ. ಇಲ್ಲಿನ ಕಾಲೇಜುಗಳಲ್ಲಿ ಓದುವ ಆಫ್ರಿಕನ್ ವಿದ್ಯಾರ್ಥಿಗಳಲ್ಲಿ ಕಾಂಗೊ ಮೊದಲಾದ ಫ್ರೆಂಚ್ ಆಡುವ ದೇಶಗಳಿಂದ ಬಂದವರಿದ್ದಾರೆ. ಅವರಿಗೆ ಇಂಗ್ಲಿಷ್ ಪಳಗಬೇಕಿರುತ್ತದೆ, ನಮ್ಮವರಿಗೆ ಫ್ರೆಂಚ್. ವಾರಕ್ಕೊಂದು ಸಂಜೆ ಅರ್ಧ ಹೊತ್ತು ಒಂದು, ಅರ್ಧ ಹೊತ್ತು ಇನ್ನೊಂದು ಎಂದು ಮಾತಾಡಿಕೊಂಡರೆ ಖರ್ಚು ಎರಡು ಲೋಟ ಚಹಾದ್ದು.